‘ಆತಂಕ’ವೇ, ‘ಅಳುಕೇ’? ವಿದೇಶಿ ಭಾಷಾ ಕಲಿಕೆಯ ಒಂದು ಪಾರಿಭಾಷಿಕ ಪದವನ್ನು ಕುರಿತು

ವಿದೇಶಿ ಭಾಷೆಗಳನ್ನು ಕಲಿಸುವ ವಿಧಾನಗಳ ಬಗ್ಗೆ ಶಿಕ್ಷಕರಿಗಾಗಿ ಕನ್ನಡದಲ್ಲಿ ಕೈಪಿಡಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಈ ಕ್ಷೇತ್ರದಲ್ಲಿ ಇಂಗ್ಲಿಷಿನ ‘ಆಂಗ್ಸೈಟಿ’ ಎಂಬ ಪದ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ನಮ್ಮ ಮನೋವಿಜ್ಞಾನದ ಬರಹಗಳಲ್ಲಿ ಇದಕ್ಕೆ ‘ಆತಂಕ’ ಎಂಬುದು ಹೆಚ್ಚು ರೂಢಿಯಲ್ಲಿದ್ದು, ಕೆಲವೆಡೆ ‘ಉದ್ವೇಗ’, ‘ಕಳವಳ’ಗಳೂ ಕಾಣಸಿಗುತ್ತವೆ. ಹೊಸ ಭಾಷೆಯಲ್ಲಿ ಮೊದಲ ವಾಕ್ಯವನ್ನು ಆಡಬೇಕಾದವನ ಸ್ಥಿತಿಯನ್ನು ಕನ್ನಡಿಗರು ಮಾತಿನಲ್ಲಿ ಹೇಳುವಾಗ ಇವುಗಳಲ್ಲಿ ಯಾವುದನ್ನೂ ಸಾಮಾನ್ಯವಾಗಿ ಬಳಸುವುದಿಲ್ಲ. ‘ಮಾತಾಡಲು ಅಳುಕುತ್ತಾನೆ’, ‘ಹಿಂಜರಿಯುತ್ತಾಳೆ’, ‘ಅಂಜಿಕೊಳ್ಳುತ್ತಾರೆ’ ಎನ್ನುತ್ತೇವೆ. ಹೀಗಿರುವಾಗ ಯಾವ ಪದವನ್ನು ಆರಿಸಬೇಕೆಂಬುದೇ ನನ್ನ ಪ್ರಶ್ನೆ.

ಮೊದಲು ಪರಿಕಲ್ಪನೆಯ ವ್ಯಾಪ್ತಿಯನ್ನು ಹೇಳಬೇಕು. 1986ರಲ್ಲಿ ಎಲೈನ್ ಹಾರ್ವಿಟ್ಜ್, ಮೈಕೆಲ್ ಹಾರ್ವಿಟ್ಜ್ ಮತ್ತು ಜೊಯಾನ್ ಕೋಪ್ ಅವರು ಪ್ರಕಟಿಸಿದ ಲೇಖನದಲ್ಲಿ, ವಿದೇಶಿ ಭಾಷೆಯ ತರಗತಿಯಲ್ಲಿ ಹುಟ್ಟುವ ಈ ಸ್ಥಿತಿ ವ್ಯಕ್ತಿಯ ಸಾಮಾನ್ಯ ಪುಕ್ಕಲು ಸ್ವಭಾವಕ್ಕಿಂತ ಬೇರೆಯಾದದ್ದು ಎಂಬ ವಾದವಿದೆ. ತನ್ನ ಭಾಷೆಯಲ್ಲಿ ಸಭೆಯನ್ನೇ ಎದುರಿಸಬಲ್ಲವನು ಸಹ ಕಲಿಯುತ್ತಿರುವ ಭಾಷೆಯಲ್ಲಿ ಹೆಸರು ಹೇಳಿಕೊಳ್ಳಲು ತಡವರಿಸಬಹುದು. ಏಕೆಂದರೆ ಅವನ ಬುದ್ಧಿ ಬೆಳೆದಷ್ಟು ಆ ಭಾಷೆ ಅವನಲ್ಲಿ ಬೆಳೆದಿರುವುದಿಲ್ಲ, ಮತ್ತು ತಾನು ಇರುವುದಕ್ಕಿಂತ ಸಣ್ಣವನಾಗಿ ಪರರ ಮುಂದೆ ನಿಲ್ಲಬೇಕಾಗುತ್ತದೆ. ಈ ಸ್ಥಿತಿಯೊಡನೆ ಅವರು ಮೂರು ಸಂಗತಿಗಳನ್ನು ಹೋಲಿಸುತ್ತಾರೆ: ಮಾತಿನ ಸಂವಹನದ ಭಯ, ಪರೀಕ್ಷೆಯ ಭಯ, ಇತರರು ತನ್ನನ್ನು ಕೀಳಾಗಿ ಅಳೆಯುವರೆಂಬ ಭಯ. ಇದನ್ನು ಅಳೆಯಲು ಅವರು ರೂಪಿಸಿದ ಪ್ರಶ್ನಾವಳಿಯಲ್ಲಿ 33 ಹೇಳಿಕೆಗಳಿದ್ದು, ಪ್ರತಿಯೊಂದಕ್ಕೂ ಸಂಪೂರ್ಣ ಒಪ್ಪಿಗೆಯಿಂದ ಸಂಪೂರ್ಣ ಅಸಮ್ಮತಿಯವರೆಗೆ 5 ಹಂತಗಳಲ್ಲಿ ಉತ್ತರ ಕೊಡಬೇಕು.

ಈ ಪ್ರಶ್ನಾವಳಿಯನ್ನು ಕನ್ನಡಿಸತೊಡಗಿದಾಗಲೇ ತೊಡಕು ಸ್ಪಷ್ಟವಾಯಿತು. ಮೂಲದ ಹೇಳಿಕೆಗಳು ಒಂದೇ ಪದಕ್ಕೆ ಅಂಟಿಕೊಂಡಿಲ್ಲ. ತನ್ನ ಸರದಿ ಬರುವಾಗ ಎದೆ ಬಡಿದುಕೊಳ್ಳುವುದು, ಸಿದ್ಧತೆಯಿಲ್ಲದೆ ಮಾತಾಡಬೇಕಾದಾಗ ದಿಗಿಲು ಬೀಳುವುದು, ಗೊತ್ತಿದ್ದದ್ದೂ ಗಾಬರಿಯಲ್ಲಿ ಮರೆತುಹೋಗುವುದು, ಸಹಪಾಠಿಗಳು ನಕ್ಕಾರೆಂದು ಅಂಜುವುದು, ತಾನಾಗಿ ಉತ್ತರಿಸಲು ಮುಜುಗರಪಡುವುದು, ಹೀಗೆ ಬೇರೆಬೇರೆ ಅನುಭವಗಳು ಅಲ್ಲಿವೆ. ಇವೆಲ್ಲಕ್ಕೂ ‘ಆತಂಕವಾಗುತ್ತದೆ’ ಎಂದು ಬರೆದರೆ ಉತ್ತರಿಸುವವರಿಗೆ ಒಂದೇ ಪ್ರಶ್ನೆ ಮತ್ತೆಮತ್ತೆ ಬಂದಂತಾಗುತ್ತದೆ, ಅಳತೆಯೂ ಕೆಡುತ್ತದೆ. ಆದ್ದರಿಂದ ಕಲಿಯುವವರ ಕೈಗೆ ಹೋಗುವ ಹೇಳಿಕೆಗಳಲ್ಲಿ ಗಾಬರಿ, ದಿಗಿಲು, ಮುಜುಗರ, ಅಂಜಿಕೆಗಳನ್ನು ಆಯಾ ಜಾಗದಲ್ಲಿ ಉಳಿಸಿಕೊಂಡು, ಶಾಸ್ತ್ರದ ಮಾತಿಗೆ ಮಾತ್ರ ಒಂದು ಸ್ಥಿರವಾದ ಪದವನ್ನು ಇಟ್ಟುಕೊಳ್ಳಬೇಕು ಎಂಬ ತೀರ್ಮಾನಕ್ಕೆ ಬಂದಿದ್ದೇನೆ.

ಆ ಒಂದು ಪದಕ್ಕೆ ‘ಅಳುಕು’ ನನಗೆ ಬಹಳ ಪ್ರಿಯವಾಗಿತ್ತು. ಅದು ಅಚ್ಚಗನ್ನಡದ್ದು, ನಾಮಪದವೂ ಹೌದು, ಕ್ರಿಯಾಪದವೂ ಹೌದು; ‘ಅಳುಕದೆ’, ‘ಅಳುಕಿಲ್ಲದ’ ಎಂಬ ರೂಪಗಳು ಸುಲಭವಾಗಿ ಸಿಗುತ್ತವೆ. ಆದರೆ ಅದರಲ್ಲಿ ತಪ್ಪು ಮಾಡಿದವನ ಮನಸ್ಸಿನ ಛಾಯೆ ಸೇರಿಕೊಂಡಿದೆ. ‘ಅವನ ಮಾತಿನಲ್ಲಿ ಏನೋ ಅಳುಕಿತ್ತು’ ಎಂದರೆ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬ ಸೂಚನೆ ಬರುತ್ತದೆ. ಯಾವ ತಪ್ಪನ್ನೂ ಮಾಡದೆ, ಮಾಡಿಬಿಟ್ಟೇನೋ ಎಂದು ಹೆದರಿ ಕುಳಿತವರಿಗೆ ಈ ಛಾಯೆ ಅಂಟುವುದು ನ್ಯಾಯವಲ್ಲ.

‘ಆತಂಕ’ದ ವಿಷಯ ಇನ್ನೂ ಕುತೂಹಲಕರವಾಗಿದೆ. ಸಂಸ್ಕೃತದಲ್ಲಿ ರೋಗ, ನೋವು, ಭಯ ಎಂಬ ಅರ್ಥಗಳಿರುವ ಈ ಪದಕ್ಕೆ ಕನ್ನಡದಲ್ಲಿ ‘ಅಡಚಣೆ’ ಎಂಬ ಅರ್ಥವೂ ಗಟ್ಟಿಯಾಗಿ ಬೇರೂರಿದೆ. ‘ಅಡ್ಡಿ ಆತಂಕ’ ಎಂಬ ಜೋಡುನುಡಿಯೂ, ‘ಕೆಲಸ ನಿರಾತಂಕವಾಗಿ ಸಾಗಿತು’ ಎಂಬ ಪ್ರಯೋಗವೂ ಇದಕ್ಕೆ ಸಾಕ್ಷಿ. ಸ್ಟೀಫನ್ ಕ್ರ್ಯಾಶೆನ್ 1980ರ ದಶಕದಲ್ಲಿ ಪ್ರಚುರಪಡಿಸಿದ ಸಿದ್ಧಾಂತದ ಪ್ರಕಾರ, ಕಲಿಯುವವರ ಮನಸ್ಸು ಕಳವಳಗೊಂಡಿದ್ದರೆ ಕಿವಿಗೆ ಬಿದ್ದ ಭಾಷೆ ಅರ್ಥವಾದರೂ ಒಳಗಿಳಿಯದಂತೆ ಒಂದು ತಡೆ ಏಳುತ್ತದೆ. ಅವರು ಅದನ್ನು ‘ಅಫೆಕ್ಟಿವ್ ಫಿಲ್ಟರ್’, ಅಂದರೆ ಭಾವನೆಗಳ ಜರಡಿ, ಎಂದರು. ಮನಸ್ಸಿನ ತಳಮಳ, ದಾರಿಯ ಅಡ್ಡಿ ಎರಡನ್ನೂ ಒಂದೇ ಪದದಲ್ಲಿ ಹಿಡಿದಿರುವ ‘ಆತಂಕ’ ಈ ಚಿಂತನೆಗೆ ಹೇಳಿಮಾಡಿಸಿದಂತಿದೆ. (ಆ ‘ಫಿಲ್ಟರ್’ಗೆ ‘ಭಾವಶೋಧಕ’ ಎನ್ನುವುದು ನನಗೆ ಒಪ್ಪಿಗೆಯಿಲ್ಲ, ಅದು ಭಾವಗಳನ್ನು ಸಂಶೋಧಿಸುವವರು ಎಂದೂ ಕೇಳಿಸುತ್ತದೆ; ‘ಭಾವತಡೆ’ ಸಾಕು.)

ಆದರೆ ಇದೇ ಗುಣ ಇನ್ನೊಂದೆಡೆ ಕಾಲಿಗೆ ತೊಡರುತ್ತದೆ. ಆಲ್ಪರ್ಟ್ ಮತ್ತು ಹೇಬರ್ 1960ರಲ್ಲಿ ಪರೀಕ್ಷೆಗೆ ಸಂಬಂಧಿಸಿದಂತೆ ಮಾಡಿದ ಭೇದವನ್ನು ಟಾಮ್ ಸ್ಕೋವೆಲ್ 1978ರಲ್ಲಿ ಭಾಷಾ ಕಲಿಕೆಯ ಚರ್ಚೆಗೆ ತಂದರು: ಸಾಮರ್ಥ್ಯವನ್ನು ಕುಗ್ಗಿಸುವ ‘ಆಂಗ್ಸೈಟಿ’ ಒಂದು, ಮೈಕೊಡವಿ ಪ್ರಯತ್ನಕ್ಕಿಳಿಯುವಂತೆ ಮಾಡುವುದು ಇನ್ನೊಂದು. ‘ನೆರವಾಗುವ ಆತಂಕ’ ಎಂದರೆ ‘ನೆರವಾಗುವ ಅಡ್ಡಿ’ ಎಂದಂತಾಗಿ ಕನ್ನಡ ಓದುಗರು ಗೊಂದಲಕ್ಕೊಳಗಾಗುತ್ತಾರೆ. ಇಲ್ಲಿ ‘ಪ್ರೇರಕ ಉದ್ವೇಗ’, ‘ಬಾಧಕ ಉದ್ವೇಗ’ ಎಂದರೆ ವಾಕ್ಯ ಸರಾಗವಾಗುತ್ತದೆ, ಆದರೆ ಒಂದೇ ಮೂಲಪದಕ್ಕೆ ಒಂದೇ ಪುಸ್ತಕದಲ್ಲಿ ಎರಡು ಕನ್ನಡ ಪದಗಳಾಗುತ್ತವೆ.

ಬೋಧನಾ ವಿಧಾನಗಳು ಆತಂಕವನ್ನು ‘ಕಡಿಮೆ ಮಾಡುವುದು’ ಎಂಬುದಕ್ಕೆ ‘ನಿವಾರಣೆ’ ಎಂಬ ಪದವನ್ನು ಮಾತ್ರ ನಾನು ಒಪ್ಪಲಾರೆ. ಅದು ಪೂರ್ತಿಯಾಗಿ ನೀಗುವುದು, ಆದರೆ ಯಾವ ಬೋಧನಾ ವಿಧಾನವೂ ಮಾಡುವುದು ಅದನ್ನಲ್ಲ. ಚಾರ್ಲ್ಸ್ ಕರನ್ ಅವರ ವಿಧಾನದಲ್ಲಿ ಕಲಿಯುವವರು ವೃತ್ತಾಕಾರವಾಗಿ ಕುಳಿತು ತಮ್ಮ ಭಾಷೆಯಲ್ಲಿ ಹೇಳಬೇಕಾದದ್ದನ್ನು ಹೇಳುತ್ತಾರೆ. ಹಿಂದೆ ನಿಂತ ಶಿಕ್ಷಕರು ಅದನ್ನು ಹೊಸ ಭಾಷೆಯಲ್ಲಿ ಮೆಲ್ಲನೆ ಹೇಳಿಕೊಡುತ್ತಾರೆ, ಕಲಿಯುವವರು ಅದನ್ನು ಮತ್ತೆ ಗಟ್ಟಿಯಾಗಿ ನುಡಿಯುತ್ತಾರೆ. ಜೇಮ್ಸ್ ಆ್ಯಶರ್ ಅವರ ವಿಧಾನದಲ್ಲಿ ಆರಂಭದ ಪಾಠಗಳಲ್ಲಿ ಮಾತಾಡಬೇಕೆಂಬ ಒತ್ತಾಯವಿಲ್ಲ, ಶಿಕ್ಷಕರ ಆಜ್ಞೆಯನ್ನು ಕೇಳಿ ಎದ್ದು ನಿಂತರೆ, ನಡೆದರೆ ಸಾಕು. ಬಲ್ಗೇರಿಯದ ಗಿಯೋರ್ಗಿ ಲೊಜನೊವ್ ಸಂಗೀತವನ್ನೂ ಆರಾಮದ ಆಸನವನ್ನೂ ತರಗತಿಗೆ ತಂದು, ಕಲಿಯುವವರಿಗೆ ಹೊಸ ಹೆಸರನ್ನೇ ಕೊಟ್ಟರು. ತಪ್ಪಾದರೆ ಅದು ಆ ಹೆಸರಿನವನ ತಪ್ಪಾಗುತ್ತದೆ, ತನ್ನದಲ್ಲ. ಇವೆಲ್ಲ ಭಾರವನ್ನು ಇಳಿಸುವ ಕೆಲಸಗಳು. ಆದ್ದರಿಂದ ‘ಆತಂಕ ತಗ್ಗಿಸುವ ವಿಧಾನಗಳು’ ಎಂದೇ ಬರೆದಿದ್ದೇನೆ. ‘ನಿರಾತಂಕ ಕಲಿಕೆ’ ಕೇಳಲು ಇಂಪಾಗಿದ್ದರೂ ಇದೇ ಕಾರಣಕ್ಕೆ ಬಿಟ್ಟಿದ್ದೇನೆ.

ಬಲ್ಲವರಲ್ಲಿ ನಾನು ಕೇಳುವುದು ಇಷ್ಟು: ‘ಆತಂಕ’ವನ್ನು ಪಾರಿಭಾಷಿಕವಾಗಿ ಉಳಿಸಿಕೊಂಡರೆ, ಸ್ಕೋವೆಲ್ ಹೇಳಿದ ಎರಡನೆಯ, ಪ್ರಯತ್ನಕ್ಕಿಳಿಸುವ ‘ಆಂಗ್ಸೈಟಿ’ಗೆ ‘ಅಡ್ಡಿ’ಯ ಛಾಯೆಯಿಲ್ಲದ, ಆದರೆ ಅದೇ ಪದದಿಂದ ಹುಟ್ಟಿದಂತೆ ತೋರುವ ಕನ್ನಡ ರೂಪವೊಂದು ಸಾಧ್ಯವೇ? ಸಾಧ್ಯವಿಲ್ಲವಾದರೆ, ಎರಡಕ್ಕೂ ಹೊಂದುವ ‘ಉದ್ವೇಗ’ವನ್ನೇ ಪುಸ್ತಕದುದ್ದಕ್ಕೂ ಬಳಸುವುದು ಮೇಲೇ? ಭಾಷಾ ಬೋಧನೆಯ ತರಬೇತಿ ಬರಹಗಳಲ್ಲಿ ಈ ಎರಡರಲ್ಲಿ ಯಾವುದಾದರೂ ನೆಲೆಗೊಂಡ ಪ್ರಯೋಗವನ್ನು ಕಂಡಿದ್ದರೆ, ಪೂರ್ತಿ ವಾಕ್ಯದೊಡನೆ ತಿಳಿಸಿದರೆ ಉಪಕಾರವಾಗುತ್ತದೆ.