ಹೊಸ ಟ್ಯಾಂಗ್‌ಗಳನ್ನು ಅವತ್ತೇ ಬಿಡಬೇಡ ತಮ್ಮಾ

ತಮ್ಮಾ, ಈಗಷ್ಟೇ ನಿನ್ನ ಮೆಸೇಜ್ ನೋಡಿದೆ. ಸಮುದ್ರದ ಮೀನು ಸಾಕುವ ಆರು ಅಡಿ ಟ್ಯಾಂಕ್‌ನಲ್ಲಿ ಮೂರು ವರ್ಷದಿಂದ ಯೆಲ್ಲೋ ಟ್ಯಾಂಗ್ ಮೀನು ಒಂದೇ ಇದೆ, ಭಾನುವಾರ ಒಂದು ಪರ್ಪಲ್, ಒಂದು ಬ್ಲೂ ಟ್ಯಾಂಗ್ ತಂದು ಬಿಡಲಾ ಅಂತ ಕೇಳಿದ್ದೀಯ ಅಲ್ವಾ? ದಯವಿಟ್ಟು ಅವತ್ತೇ ಬಿಡಬೇಡ.

ನಾನು ಹಾಗೆ ಬಿಟ್ಟು ಅನುಭವಿಸಿದ್ದೇನೆ. ಹೊಸ ಮೀನು ಅಂಗಡಿಯಲ್ಲಿ ಚೆನ್ನಾಗೇ ತಿನ್ನುತ್ತಿತ್ತು. ಹತ್ತು ದಿನಕ್ಕೆ ಮೈಮೇಲೆಲ್ಲ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಆಮೇಲೆ ಚುಕ್ಕೆ ಹೋಯಿತು, ವಾಸಿಯಾಯಿತು ಅಂದುಕೊಂಡೆ. ಆದರೆ ಈ ಬಿಳಿ ಚುಕ್ಕೆ ರೋಗ ತರುವ ಇಕ್ ಅನ್ನುವ ಪರಾವಲಂಬಿ ಮೀನಿನ ಮೇಲೆ ಇರುವುದೇ ಮೂರರಿಂದ ಏಳು ದಿನ. ಉದುರಿ ಮರಳಿಗೆ, ಕಲ್ಲಿಗೆ ಅಂಟಿಕೊಳ್ಳುತ್ತದೆ. ಅಲ್ಲಿ ಒಂದು ಹೋಗಿ ನೂರಾರಾಗಿ ಮತ್ತೆ ಮೀನು ಹುಡುಕಿಕೊಂಡು ಬರುತ್ತದೆ. ಎರಡನೇ ಸಲ ಬಂದಾಗ ಹಳೆಯ ಮೀನುಗಳೂ ಹೋದವು. ಉಳಿದವನ್ನು ಹಿಡಿದು ಬೇರೆ ಕಡೆ ಹಾಕಿ, ಮೀನು ಸಿಗದೆ ಪರಾವಲಂಬಿ ಸಾಯಲಿ ಅಂತ ಟ್ಯಾಂಕನ್ನು 76 ದಿನ ಮೀನಿಲ್ಲದೆ ಓಡಿಸಿದೆ. ಆ ಖಾಲಿ ಟ್ಯಾಂಕ್ ನೋಡುವ ಸಂಕಟ ನಿನಗೆ ಬೇಡ.

ಅದಕ್ಕೇ ಮೊದಲು ಕ್ವಾರಂಟೈನ್ ಟ್ಯಾಂಕ್‌ನಲ್ಲಿ ಕಡಿಮೆ ಅಂದರೂ 30 ದಿನ ಇಡು. ಮರಳು ಬೇಡ, ಅಡಗಿಕೊಳ್ಳಲು ಪಿವಿಸಿ ಪೈಪ್ ತುಂಡು ಸಾಕು. ಇಕ್‌ಗೆ ಔಷಧಿಯಾಗಿ ಕಾಪರ್ (ತಾಮ್ರ) ಹಾಕಿದರೆ ನೀರಲ್ಲಿ ಅದು ಎಷ್ಟಿದೆ ಅಂತ ದಿನಾ ಅಳೆಯಬೇಕು. ಹವಳ ಇರುವ ಟ್ಯಾಂಕ್‌ಗೆ ಮಾತ್ರ ಅದರ ಒಂದು ಹನಿಯೂ ಬೀಳಬಾರದು.

ಇನ್ನು ಜಗಳ. ಬ್ಲೂ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ, ಅದರ ಆಕಾರವೇ ಬೇರೆ. ಪರ್ಪಲ್ ಕೆಂಪು ಸಮುದ್ರದ ಕಡೆಯದು, ಯೆಲ್ಲೋ ಹವಾಯಿ ಕಡೆಯದು. ಆದರೂ ಎರಡೂ ಝೀಬ್ರಸೋಮಾ ಕುಲದವು. ಮೈಕಟ್ಟು ಒಂದೇ, ಮೇಯುವ ಪಾಚಿಯೂ ಒಂದೇ. ತನ್ನ ಜಾಗ ಕಿತ್ತುಕೊಳ್ಳಲು ಯಾರೋ ಬಂದರು ಅಂತಲೇ ನಿನ್ನ ಯೆಲ್ಲೋಗೆ ಅನ್ನಿಸುತ್ತದೆ. ಬಾಲದ ಬುಡದ ಆ ಮುಳ್ಳು ಬ್ಲೇಡ್ ಇದ್ದ ಹಾಗೆ, ಒಂದು ಏಟಿಗೆ ಚರ್ಮ ಸೀಳುತ್ತದೆ. ನನ್ನನ್ನು ಕೇಳಿದರೆ ಪರ್ಪಲ್ ತರಲೇಬೇಡ.

ಬೇಕೇ ಬೇಕು ಅಂದರೆ ಪರ್ಪಲ್, ಬ್ಲೂ ಎರಡನ್ನೂ ಒಟ್ಟಿಗೇ ಸೇರಿಸು, ಏಟು ಒಂದರ ಮೇಲೇ ಬೀಳುವುದಿಲ್ಲ. ಮೊದಲು ತೂತಿರುವ ಪಾರದರ್ಶಕ ಡಬ್ಬಿಯಲ್ಲಿ ಹಾಕಿ ಟ್ಯಾಂಕ್ ಒಳಗೇ ನಾಲ್ಕೈದು ದಿನ ಇಡು. ಯೆಲ್ಲೋ ಬಂದು ಬಂದು ಡಬ್ಬಿಗೆ ಬಾಲ ಬೀಸುತ್ತದೆ, ಬೀಸಲಿ. ಅದು ಸುಮ್ನೆ ಈಜಾಡಲು ಶುರುವಾದ ಮೇಲೆ, ಲೈಟ್ ಆರಿಸಿ ಹೊಸವನ್ನು ಡಬ್ಬಿಯಿಂದ ಹೊರಗೆ ಬಿಡು. ಗಾಜಿನ ಹೊರಗೆ ಒಂದು ಕನ್ನಡಿ ಒರಗಿಸು, ಹಳೆಯದು ತನ್ನ ಪ್ರತಿಬಿಂಬದ ಜೊತೆಗೇ ಗುದ್ದಾಡುತ್ತಿರುತ್ತದೆ. ತಿನ್ನಲು ನೋರಿಯನ್ನು (ಒಣಗಿಸಿದ ಸಮುದ್ರ ಪಾಚಿಯ ಹಾಳೆ) ಎರಡು ಮೂಲೆಯಲ್ಲಿ ಸಿಕ್ಕಿಸು, ಮಸಾಲೆ, ಎಣ್ಣೆ ಇಲ್ಲದ್ದು.

ಕಾಪರ್ ಟೆಸ್ಟ್ ಕಿಟ್ ನನ್ನ ಹತ್ತಿರ ಇದೆ. ಶನಿವಾರ ಮನೆಗೆ ಬಾ, ತಗೊಂಡು ಹೋಗು. ಬೇಕಾದರೆ ಚಿಕ್ಕ ಟ್ಯಾಂಕ್ ಕೂಡ ಕೊಡುತ್ತೇನೆ.