ಪದಚರ್ಚೆ: ಗೆದ್ದ ಗಳಿಗೆಯಲ್ಲಿ ಜನ ಕೂಗುವ ಕೂಗಿಗೆ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ತಂಡ ಗೆದ್ದ ಕೂಡಲೇ ಸಾವಿರಾರು ಜನ ಒಟ್ಟಿಗೆ ಕೂಗುತ್ತಾರಲ್ಲ, ಆ ಕೂಗಿಗೆ ನಿಮ್ಮ ಕಡೆ ಬಾಯಲ್ಲಿ ಏನಂತಾರೆ? ಪತ್ರಿಕೆಯವರ 'ಹರ್ಷೋದ್ಗಾರ' ಬೇಡ. ಅದನ್ನು ಮನೆಯಲ್ಲಿ ಯಾರೂ ಆಡಲ್ಲ.

ಇಲ್ಲಿನ ಕನ್ನಡ ಕೂಟದ ಸಂಚಿಕೆಗೆ ಒಂದು ಬರಹ ಬರೆಯುತ್ತಿದ್ದೇನೆ. 2016ರ ನವೆಂಬರ್ 2ರ ರಾತ್ರಿ ಶಿಕಾಗೊ ಕಬ್ಸ್ ತಂಡ ವರ್ಲ್ಡ್ ಸೀರೀಸ್ (ಅಮೆರಿಕದ ಬೇಸ್‌ಬಾಲಿನ ಅಂತಿಮ ಸರಣಿ) ಗೆದ್ದಾಗ ಅವರ ತವರು ಮೈದಾನ ರಿಗ್ಲಿ ಫೀಲ್ಡ್ ಹೊರಗೆ ಸೇರಿದ್ದ ಜನರ ಬಗ್ಗೆ. ನಾನೂ ಅಲ್ಲಿದ್ದೆ. ಆಟ ನಡೆದದ್ದು ಅಲ್ಲಲ್ಲ, ಕ್ಲೀವ್‌ಲ್ಯಾಂಡಿನಲ್ಲಿ. ಆದರೂ ಖಾಲಿ ಮೈದಾನದ ಮುಂದೆ, ಕ್ಲಾರ್ಕ್ ಮತ್ತು ಆಡಿಸನ್ ಬೀದಿಗಳು ಸೇರುವ ಕಡೆ, ಕಾಲಿಡಲು ಜಾಗವಿರಲಿಲ್ಲ. 1908ರಲ್ಲಿ ಗೆದ್ದದ್ದೇ ಕೊನೆ, ಆಮೇಲೆ 108 ವರ್ಷ ಬರೀ ಕಾಯುವುದೇ ಆಗಿತ್ತು. 'ಈ ಸಲ ಕಪ್ ನಮ್ದೇ' ಅಂತ ಹೇಳಿಕೊಂಡೇ ಬಂದ ನಮಗೆ ಆ ಪಾಡು ಗೊತ್ತು. ಅದೇ ವರ್ಷ ಮೇ ತಿಂಗಳಲ್ಲಿ ಆರ್‌ಸಿಬಿ ಫೈನಲ್‌ನಲ್ಲಿ 8 ರನ್‌ಗಳಿಂದ ಸೋತಿತ್ತು ಬೇರೆ!

ಮೈದಾನದ ಇಟ್ಟಿಗೆ ಗೋಡೆಯ ಮೇಲೆ ಜನ ಸೀಮೆಸುಣ್ಣದಲ್ಲಿ ಹೆಸರು ಬರೆದಿದ್ದರು. ಗೆಲುವು ನೋಡದೆಯೇ ಹೋದ ಅಪ್ಪ, ಅಜ್ಜ, ಅಜ್ಜಿಯರ ಹೆಸರು. ಕೈಗೆಟಕುವಷ್ಟು ಜಾಗ ತುಂಬಿದ ಮೇಲೆ ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಬರೆಯುತ್ತಿದ್ದರು.

ಈಗ ನನ್ನ ತೊಡಕು. ಆ ರಾತ್ರಿ ಕೂಗು ಒಂದೇ ಥರ ಇರಲಿಲ್ಲ. ಎಂಟನೇ ಇನ್ನಿಂಗ್ಸ್‌ನಲ್ಲಿ ಎದುರಾಳಿ ಕ್ಲೀವ್‌ಲ್ಯಾಂಡ್ ತಂಡ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದು 6-6 ಸಮ ಮಾಡಿದಾಗ ಎದ್ದದ್ದು ಚೀರಾಟ. ಅದಕ್ಕೆ ಆ ಮಾತು ಸರಿ, ಭಯವೂ ಇದೆ, ಸಂಕಟವೂ ಇದೆ. ಒಂಬತ್ತು ಇನ್ನಿಂಗ್ಸ್ ಮುಗಿದ ಮೇಲೆ ಮಳೆಗೆ 17 ನಿಮಿಷ ಆಟ ನಿಂತಿತು. ಹತ್ತನೆಯದರಲ್ಲಿ ಕಬ್ಸ್‌ನ ಕ್ರಿಸ್ ಬ್ರಯಂಟ್ ನೆಲದ ಮೇಲೆ ಉರುಳಿ ಬಂದ ಚೆಂಡನ್ನು ಎತ್ತಿ, ಕಾಲು ಜಾರುತ್ತಲೇ ಆಂಥನಿ ರಿಜೊ ಕೈಗೆ ಎಸೆದರು. ಎದುರಾಳಿಯ ಕೊನೆಯ ಆಟಗಾರ ಔಟ್. ಕಬ್ಸ್‌ಗೆ 8-7, ಮುಗೀತು.

ಬೀದಿಯಲ್ಲಿದ್ದ ನಮಗೆ ಬಾರ್‌ಗಳ ಕಿಟಕಿಯೇ ಗತಿ. ರೇಡಿಯೊ ಹಿಡಿದವರಿಗೆ ಮೊದಲು ಗೊತ್ತಾಯಿತು. ಆಮೇಲೆ ಬಾರಿನ ಟಿವಿಗೆ. ಫೋನಿನಲ್ಲಿ ನೋಡುತ್ತಿದ್ದವರಿಗೆ ಬೌಲರ್ ಇನ್ನೂ ಚೆಂಡೇ ಎಸೆದಿರಲಿಲ್ಲ! (ಬೌಲರ್ ಅಲ್ಲ, ಪಿಚರ್. ನಮ್ಮ ಬಾಯಿ ಕ್ರಿಕೆಟ್ಟಿನದು.) ಹಾಗಾಗಿ ಕೂಗು ಒಮ್ಮೆಗೇ ಏಳಲಿಲ್ಲ. ಒಂದು ಬಾರಿನಲ್ಲಿ ಎದ್ದು, ಪಕ್ಕದ್ದಕ್ಕೆ ಹಬ್ಬಿ, ಬೀದಿಗಿಳಿದು, ಮತ್ತೆ ಹಿಂದಿನಿಂದ ಬಂತು. ನನ್ನ ಪಕ್ಕದಲ್ಲಿದ್ದ ವಯಸ್ಸಾದವರೊಬ್ಬರ ಬಾಯಿ ತೆರೆದಿತ್ತು, ದನಿ ಮಾತ್ರ ಹೊರಡುತ್ತಿರಲಿಲ್ಲ.

ಇದಕ್ಕೆ 'ಜಯಘೋಷ' ಒಗ್ಗಲ್ಲ. ಘೋಷಕ್ಕೆ ಮಾತು ಬೇಕು, ಉಘೇ ಅಂತಲೋ ಜೈ ಅಂತಲೋ. ಇಲ್ಲಿ ಮಾತೇ ಇರಲಿಲ್ಲ. ಹಾಡು, ಘೋಷಣೆ ಎಲ್ಲ ಆಮೇಲೆ. 'ಗರ್ಜನೆ' ಒಬ್ಬನದು, ಸಿಂಹದ್ದು ಇಲ್ಲವೇ ಸಿನಿಮಾ ಹೀರೋದು. 'ಕೂಗಾಟ' ಅಂದರೆ ಜಗಳ. 'ಹುಯಿಲು' ಈಗ ರಂಪಕ್ಕೇ ಮೀಸಲು. 'ಬೊಬ್ಬೆ' ನನಗೆ ಇಷ್ಟ, ಆದರೆ ಮಂಗಳೂರು ಕಡೆಯ ಗೆಳೆಯರು ಮಕ್ಕಳನ್ನು ಗದರುವಾಗ ಮಾತ್ರ ಅದನ್ನು ಕೇಳಿದ್ದೇನೆ. ಖುಷಿಗೂ ಬೊಬ್ಬೆ ಹೊಡೆಯುತ್ತಾರಾ?

ಕೊನೆಗೆ ಉಳಿದದ್ದು 'ಕೇಕೆ'. ಸಂಸ್ಕೃತದಲ್ಲಿ ಕೇಕಾ ಅಂದರೆ ನವಿಲಿನ ಕೂಗು. ಚೆನ್ನಾಗಿದೆ, ಅಲ್ವಾ? ಆದರೆ 'ಕೇಕೆ ಹಾಕಿ ನಕ್ಕ' ಅಂದ ತಕ್ಷಣ ಖಳನಾಯಕ ಎದುರಿಗೆ ಬರುತ್ತಾನೆ. ಸೋತವರನ್ನು ಅಣಕಿಸಿದ ಹಾಗಾಗುತ್ತದೆ. ಆ ಬೀದಿಯಲ್ಲಿ ನನಗೆ ಅಣಕ ಕೇಳಿಸಲಿಲ್ಲ. ಕ್ಲೀವ್‌ಲ್ಯಾಂಡಿನವರೂ 1948ರಿಂದ ಕಾಯುತ್ತಿದ್ದವರೇ.

'ವಿಜಯೋತ್ಸವ' ಅಂತ ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ. ಅದು ಹಮ್ಮಿಕೊಂಡು ಮಾಡುವಂಥದ್ದು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತಕ್ಕೆ 11 ಜನ ಸತ್ತ ಮೇಲೆ ಆ ಪದವನ್ನು ಸಲೀಸಾಗಿ ಬರೆಯಲು ಕೈ ಬರಲ್ಲ.

ಕಂಬಳದಲ್ಲಿ, ಕಬಡ್ಡಿಯಲ್ಲಿ, ಎತ್ತಿನ ಗಾಡಿ ಓಟದಲ್ಲಿ ಗೆದ್ದಾಗ ನಿಮ್ಮೂರಲ್ಲಿ ಏನು ಹೇಳುತ್ತಾರೋ ಅದನ್ನೇ ಬರೆಯಿರಿ. ಹಾಕು, ಹೊಡೆ, ಎಬ್ಬಿಸು, ಇಂಥದ್ದರಲ್ಲಿ ಯಾವುದರ ಜೊತೆ ಬರುತ್ತದೆ ಅಂತಲೂ ತಿಳಿಸಿ. ಜಿಲ್ಲೆಯ ಹೆಸರು ಮರೆಯಬೇಡಿ.