ಹೊಸ ಇಂಜೆಕ್ಟರ್ ಹಾಕಿದ ಮೇಲೆ ಹೊಗೆ ಇಳಿದಿದೆ, ನಂಬಬಹುದಾ?

ತಿಪಟೂರು ಪಿಕಪ್:
ನನ್ನದು 2018ರ ಬಿಎಸ್4 ಡೀಸೆಲ್ ಪಿಕಪ್. ಕೊಬ್ಬರಿ ಲೋಡ್ ಹೊಡೆಯುತ್ತೇನೆ. ಇಂಜಿನ್ ಒಳಗೆ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್ ಕಂಪನಿಯದು ದುಬಾರಿ ಅಂತ ಹೊರಗಿನ ಸೆಟ್ ಹಾಕಿಸಿದೆ. ಜೊತೆಗೆ ಏರ್ ಫಿಲ್ಟರ್, ಆಯಿಲ್ ಕೂಡ ಬದಲಾಯಿತು. ಸುಟ್ಟ ಗಾಳಿ ವಾಪಸ್ ಹೋಗೋ ಇಜಿಆರ್ ದಾರಿಗೆ ತಗಡು ಇಟ್ಟು ಮುಚ್ಚಿದ್ದಾರೆ. ಎಮಿಷನ್ ಟೆಸ್ಟ್‌ನಲ್ಲಿ ಹೊಗೆಯ ಅಂಕಿ ಹೋದ ಸಲ 1.4 ಬಂದಿತ್ತು, ಈಗ 0.8. ತಮ್ಮನ ಗಾಡಿಗೂ ಇದೇ ಸೆಟ್ ಹಾಕಿಸೋಣ ಅಂತಿದ್ದೇವೆ. ಮಾಲು ಒಳ್ಳೆಯದು ಅನ್ನೋದಕ್ಕೆ ಈ ರಿಪೋರ್ಟ್ ಸಾಕಲ್ವಾ?

ಪಂಪ್ ರೂಮ್ ಹುಬ್ಬಳ್ಳಿ:
ಸಾಕಾಗೋದಿಲ್ಲ ಅಣ್ಣಾ. ನಾನು ಪಂಪ್, ಇಂಜೆಕ್ಟರ್ ಕೆಲಸದವನು, ಅದಕ್ಕೇ ಹೇಳುತ್ತಿದ್ದೇನೆ.

ಆ ಟೆಸ್ಟ್ ಮಾಡುವಾಗ ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿರುತ್ತದೆ, ಆಕ್ಸಿಲರೇಟರ್ ಪೂರ್ತಿ ಒತ್ತುತ್ತಾರೆ. ಹೊಗೆ ಎಷ್ಟು ಬೆಳಕನ್ನು ತಡೆಯಿತು ಅಂತ ಯಂತ್ರ ಹೇಳುತ್ತದೆ, ಅಷ್ಟೇ. ಬಿಎಸ್4 ಗಾಡಿಗೆ ಮಿತಿ 1.62. ಹಳೇ ಸೆಟ್‌ನಲ್ಲೂ ನೀವು ಪಾಸ್ ಇದ್ದಿರಿ.

ನನಗೆ ಚಿಂತೆ ಆ ತಗಡಿನದು. ಇಜಿಆರ್ ಸುಟ್ಟ ಗಾಳಿಯಲ್ಲಿ ಸ್ವಲ್ಪವನ್ನು ಮತ್ತೆ ಸಿಲಿಂಡರ್‌ಗೆ ಬಿಡುತ್ತದೆ. ಅದರಿಂದ ಒಳಗಿನ ಬಿಸಿ ಇಳಿದು ನೈಟ್ರೋಜನ್ ಆಕ್ಸೈಡ್ ಕಡಿಮೆ ಆಗುತ್ತದೆ. ಮುಚ್ಚಿದರೆ ಆಮ್ಲಜನಕ ಜಾಸ್ತಿ ಸಿಗುತ್ತದೆ, ಕಪ್ಪು ಹೊಗೆ ಇಳಿಯಬಹುದು. ಆದರೆ ನೈಟ್ರೋಜನ್ ಆಕ್ಸೈಡ್ ಏರುತ್ತದೆ. ಎಮಿಷನ್ ಸೆಂಟರ್‌ನ ಯಂತ್ರ ಅದನ್ನು ನೋಡೋದೇ ಇಲ್ಲ! ಉಸಿರಿಗೆ ಕೆಟ್ಟದ್ದು ಹೆಚ್ಚಾಗಿದ್ದರೂ ಚೀಟಿಯಲ್ಲಿ ನಂಬರ್ ಚೆನ್ನಾಗಿ ಕಾಣುತ್ತದೆ. ನಿಮ್ಮ 0.8ರಲ್ಲಿ ತಗಡಿನ ಪಾಲೆಷ್ಟು, ಫಿಲ್ಟರ್ ಪಾಲೆಷ್ಟು, ಇಂಜೆಕ್ಟರ್ ಪಾಲೆಷ್ಟು ಅಂತ ಯಾರೂ ಹೇಳಲಾರರು.

ಮೊದಲು ತಗಡು ತೆಗೆಸಿ. ಆಮೇಲೆ ಹಳೇ ಸೆಟ್, ಹೊಸ ಸೆಟ್, ಮತ್ತೆ ಹಳೇ ಸೆಟ್, ಹೀಗೆ ಅಳೆಸಬೇಕು. ಬೇರೆ ಏನನ್ನೂ ಮುಟ್ಟಬಾರದು. ಆಯಿಲ್ 60 ಡಿಗ್ರಿ ದಾಟಿರಬೇಕು, ಸೈಲೆನ್ಸರ್‌ನ ಹಳೇ ಮಸಿ ಹೋಗೋ ಹಾಗೆ ಮೊದಲು ರೇಸ್ ಮಾಡಬೇಕು. ಮೂರನೇ ಅಳತೆ ಮೊದಲನೆಯದಕ್ಕೆ ವಾಪಸ್ ಬಂದರೆ ಮಾತ್ರ ವ್ಯತ್ಯಾಸ ಇಂಜೆಕ್ಟರ್‌ನದು. ಬಿಚ್ಚಿ ಹಾಕೋ ಕೂಲಿ ಜಾಸ್ತಿ ಅನಿಸಿದರೆ ಎರಡೂ ಸೆಟ್ ಇಂಜೆಕ್ಟರ್ ಪರೀಕ್ಷಿಸೋ ಬೆಂಚ್ ಮೇಲೆ ಹಾಕಿಸಿ. ಎಷ್ಟು ಡೀಸೆಲ್ ಚಿಮ್ಮುತ್ತದೆ (ಡೆಲಿವರಿ), ಎಷ್ಟು ವಾಪಸ್ ಸೋರುತ್ತದೆ (ರಿಟರ್ನ್ ಲೀಕ್), ಎರಡೂ ಗೊತ್ತಾಗುತ್ತದೆ. ನನ್ನ ಪ್ರಕಾರ ಇದೇ ವಾಸಿ. ಹೊಸ ಇಂಜೆಕ್ಟರ್‌ನ ಕೋಡ್ ಇಸಿಯುಗೆ, ಅಂದರೆ ಇಂಜಿನ್ ಕಂಪ್ಯೂಟರ್‌ಗೆ ಹಾಕಿದ್ದಾರಾ, ಅದನ್ನೂ ಕೇಳಿ.

ಕಡೂರು ಹುಡುಗ:
ನೈಟ್ರೋಜನ್ ಆಕ್ಸೈಡ್ ಅಳೆಸಬೇಕಂದ್ರೆ ಎಲ್ಲಿಗೆ ಹೋಗಬೇಕು?

ಪಂಪ್ ರೂಮ್ ಹುಬ್ಬಳ್ಳಿ:
ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷೆಯ ಲ್ಯಾಬ್‌ನಲ್ಲಿ ಅಳೆಯುತ್ತಾರೆ. ಗಾಡಿಯನ್ನು ರೋಲರ್ ಮೇಲೆ ಓಡಿಸಿ ಹೊಗೆಯನ್ನು ಹಿಡಿಯುತ್ತಾರೆ, ಮಸಿಯನ್ನು ಫಿಲ್ಟರ್‌ನಲ್ಲಿ ತೂಗುತ್ತಾರೆ. ಆ ಖರ್ಚು ಪಾರ್ಟ್ ಮಾಡುವವರು ಹಾಕಬೇಕು, ನಾವಲ್ಲ. ಅಂಥ ರಿಪೋರ್ಟ್ ತೋರಿಸಿ ಅಂತ ಅಂಗಡಿಯಲ್ಲಿ ಕೇಳಿ.

ಸ್ಯಾಕ್ರಮೆಂಟೊ ಕನ್ನಡಿಗ:
ಕ್ಯಾಲಿಫೋರ್ನಿಯಾದಲ್ಲಿ ಇದೇ ಪದ್ಧತಿ. ಎಮಿಷನ್ ವ್ಯವಸ್ಥೆಯನ್ನು ಮಾರ್ಪಡಿಸೋ ಪಾರ್ಟ್‌ಗೆ ತಯಾರಕರೇ ಟೆಸ್ಟ್ ಮಾಡಿಸಿ ಏರ್ ರಿಸೋರ್ಸಸ್ ಬೋರ್ಡ್‌ನಿಂದ ಆದೇಶದ ನಂಬರ್ ತಗೋಬೇಕು. ತಪಾಸಣೆಯಲ್ಲಿ ಆ ನಂಬರ್ ನೋಡುತ್ತಾರೆ.

ತಿಪಟೂರು ಪಿಕಪ್:
ತಗಡು ತೆಗೆಸುತ್ತೇನೆ. ಹಳೇ ಸೆಟ್ ಗ್ಯಾರೇಜಿನಲ್ಲೇ ಇದೆ, ಬಿಸಾಡಬೇಡಿ ಅಂತ ಈಗಷ್ಟೇ ಫೋನ್ ಮಾಡಿದೆ. ಕೋಡ್ ವಿಷಯ ಅವರಿಗೇ ಗೊತ್ತಿಲ್ಲವಂತೆ.

ಪಂಪ್ ರೂಮ್ ಹುಬ್ಬಳ್ಳಿ:
ಹಾಗಿದ್ದರೆ ತಮ್ಮನ ಗಾಡಿಗೆ ಈಗಲೇ ಆರ್ಡರ್ ಕೊಡಬೇಡಿ. ಇಂಜೆಕ್ಟರ್ ಮತ್ತೆ ಕೂರಿಸುವಾಗ ಕಾಪರ್ ವಾಷರ್ ಹೊಸದೇ ಹಾಕಿಸಿ.